ಕುದುರೆಮುಖದಲ್ಲಿ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬೆಟ್ಟದ ಚಿತ್ರಗಳ ವಿಚಾರವೇ ಹೆಚ್ಚಾಗುತ್ತದೆ. ಈ ಸಲ ಬಂದವುಗಳಲ್ಲಿ ಬಹುಪಾಲು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸಂಬಂಧಿಸಿದವಾದ್ದರಿಂದ ಅವನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ, ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿರುವ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಶೋಲಾ ಕಾಡು (ಬೆಟ್ಟದ ಮಡಿಕೆಗಳಲ್ಲಿ ಒತ್ತಾಗಿ ಬೆಳೆಯುವ ಗಿಡ್ಡ ಮರಗಳ ಕಾಡು) ಮತ್ತು ಹುಲ್ಲುಗಾವಲಿನ ನಾಡು ಭೂದೃಶ್ಯ ಛಾಯಾಗ್ರಹಣ ಕಲಿಯುವವರಿಗೆ ನಮ್ಮ ರಾಜ್ಯದಲ್ಲಿರುವ ಅತ್ಯುತ್ತಮ ಜಾಗಗಳಲ್ಲಿ ಒಂದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಕಳೆದ ನವೆಂಬರಿನಲ್ಲಿ ಗೆಳತಿಯರ ಜೊತೆ ಕುದುರೆಮುಖ ಶಿಖರಕ್ಕೆ ಚಾರಣ ಹೋಗಿದ್ದೆ. ನನ್ನಲ್ಲಿರುವುದು ಸಾಮಾನ್ಯ ಡಿಎಸ್ಎಲ್ಆರ್ ಕ್ಯಾಮೆರಾ ಮತ್ತು ಅದರೊಂದಿಗೇ ಬಂದ 18-55 ಎಂ.ಎಂ. ಲೆನ್ಸ್. ಕಣ್ಣಿಗೆ ಅಷ್ಟು ಎತ್ತರವಾಗಿ ಕಂಡ ಬೆಟ್ಟ ಫೋಟೊದಲ್ಲಿ ಸಣ್ಣ ದಿಬ್ಬದಂತೆ ಬಂದಿದೆ. ಲೆನ್ಸ್ ಬದಲಾಯಿಸಬೇಕೇ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಹೊಸದನ್ನು ಕೊಳ್ಳುವ ಮೊದಲು ಇರುವ ಲೆನ್ಸಿನ ಇನ್ನೊಂದು ತುದಿಯನ್ನು, ಎಂದರೆ 55 ಎಂ.ಎಂ. ನೋಟವನ್ನು, ಬಳಸಿ ನೋಡಿ. ಬೆಟ್ಟ ದೊಡ್ಡದಾಗಿರುವುದರಿಂದ ಅದನ್ನು ಹಿಡಿಸಲು ಆದಷ್ಟು ಅಗಲದ ನೋಟ ಬೇಕೆಂದು ಭಾವಿಸಿ ಹೊಸಬರೆಲ್ಲ 18 ಎಂ.ಎಂ.ಗೆ ತಿರುಗಿಸಿಕೊಳ್ಳುತ್ತಾರೆ, ಬೆಟ್ಟ ಕುಗ್ಗುವುದು ಅಲ್ಲಿಯೇ. ಲೆಕ್ಕ ಸರಳವಾಗಿದೆ. ನೀವು ನಿಂತ ಜಾಗಕ್ಕಿಂತ 600 ಮೀಟರ್ ಎತ್ತರದ ಶಿಖರವೊಂದು ಐದು ಕಿಲೋಮೀಟರ್ ದೂರದಲ್ಲಿದ್ದರೆ ಅದು ನಿಮ್ಮ ಕಣ್ಣಿಗೆ ಸುಮಾರು ಏಳು ಡಿಗ್ರಿ ಎತ್ತರಕ್ಕೆ ಕಾಣುತ್ತದೆ. ನಿಮ್ಮ ಕ್ಯಾಮೆರಾದಲ್ಲಿ 18 ಎಂ.ಎಂ. ಲೆನ್ಸ್ ಮೇಲಿನಿಂದ ಕೆಳಕ್ಕೆ ಹೆಚ್ಚುಕಡಿಮೆ 47 ಡಿಗ್ರಿಯಷ್ಟನ್ನು ಒಳಗೆ ತೆಗೆದುಕೊಳ್ಳುವುದರಿಂದ ಆ ಶಿಖರಕ್ಕೆ ಚಿತ್ರದ ಏಳನೇ ಒಂದು ಭಾಗ ಮಾತ್ರ ಸಿಗುತ್ತದೆ. ಅದೇ ಜಾಗದಿಂದ 55 ಎಂ.ಎಂ.ಗೆ ತಿರುಗಿಸಿದರೆ ಚಿತ್ರದ ಎತ್ತರ ಹದಿನಾರು ಡಿಗ್ರಿಗೆ ಇಳಿಯುತ್ತದೆ, ಶಿಖರ ಐದರಲ್ಲಿ ಎರಡು ಭಾಗಕ್ಕಿಂತ ಹೆಚ್ಚನ್ನು ತುಂಬುತ್ತದೆ. ನಾವು ಬೆಟ್ಟವನ್ನು ನೋಡುವಾಗ ಉಳಿದೆಲ್ಲವನ್ನೂ ಮರೆತು ಅದೊಂದರ ಮೇಲೆಯೇ ಮನಸ್ಸಿಟ್ಟಿರುತ್ತೇವೆ. ಕ್ಯಾಮೆರಾ ಮಾತ್ರ ಖಾಲಿ ಆಕಾಶವನ್ನೂ ಕಾಲ ಬಳಿಯ ಹುಲ್ಲನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸುತ್ತದೆ.

ಹಾಗೆಂದು 18 ಎಂ.ಎಂ. ಕೆಲಸಕ್ಕೆ ಬಾರದ್ದೆಂದು ತಿಳಿಯಬೇಡಿ. ಮುನ್ನೆಲೆಯಲ್ಲಿ ನಿಜವಾಗಿಯೂ ನೋಡತಕ್ಕದ್ದು ಏನಾದರೂ ಇದ್ದಾಗ, ಉದಾಹರಣೆಗೆ ಹಾಸುಬಂಡೆಯ ಮೇಲಿನ ಕಲ್ಲುಹೂವು, ತೆನೆ ಬಿಟ್ಟ ಹುಲ್ಲಿನ ಗುಂಪು ಅಥವಾ ಸಣ್ಣ ಝರಿ ಇದ್ದಾಗ ಅದು ಬೇಕೇಬೇಕು. ಆಗ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಂಡಿ; ಎಫ್ ಅಂಕಿ ಹೆಚ್ಚಿದಂತೆ ಅದು ಕಿರಿದಾಗುತ್ತದೆ) ಎಫ್ 8ಕ್ಕೆ ಇಟ್ಟು, ಫೋಕಸನ್ನು ಸುಮಾರು ಎರಡು ಮೀಟರ್ ದೂರದಲ್ಲಿ ನಿಲ್ಲಿಸಿದರೆ ಒಂದು ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿ ಬರುತ್ತದೆ. ಎಫ್ 16, ಎಫ್ 22ರವರೆಗೆ ಮುಚ್ಚುವ ಅಗತ್ಯವಿಲ್ಲ; ನಿಮ್ಮ ಕ್ಯಾಮೆರಾದ ಸೆನ್ಸರಿನ ಗಾತ್ರಕ್ಕೆ ಎಫ್ 11ರಿಂದಾಚೆ, ಕಿರಿದಾದ ಕಂಡಿಯಲ್ಲಿ ಬೆಳಕು ಹರಡಿಕೊಳ್ಳುವ ವಿವರ್ತನೆಯಿಂದಾಗಿ, ಇಡೀ ಚಿತ್ರ ಸ್ವಲ್ಪ ಮೆತ್ತಗಾಗತೊಡಗುತ್ತದೆ. ಮುಂದೆ ಎಂದಾದರೂ ಎರಡನೇ ಲೆನ್ಸ್ ಕೊಳ್ಳುವುದಾದರೆ ಇನ್ನೂ ಅಗಲದ್ದನ್ನು ಕೊಳ್ಳದೆ 200 ಅಥವಾ 300 ಎಂ.ಎಂ.ವರೆಗೆ ಹೋಗುವ ಜೂಮ್ ಲೆನ್ಸ್ ಕೊಳ್ಳಿ. ಒಂದರ ಹಿಂದೆ ಒಂದರಂತೆ ಮಸುಕಾಗುತ್ತ ಹೋಗುವ ಬೆಟ್ಟಸಾಲುಗಳು ಪಶ್ಚಿಮ ಘಟ್ಟದ ನಿಜವಾದ ಸಂಪತ್ತು. ಅವನ್ನು ಒತ್ತೊತ್ತಾಗಿ ಜೋಡಿಸಿ ತೋರಿಸುವುದು ಉದ್ದ ಲೆನ್ಸಿಗೆ ಮಾತ್ರ ಸಾಧ್ಯ.

ಪ್ರಶ್ನೆ: ಸೂರ್ಯೋದಯ, ಸೂರ್ಯಾಸ್ತಗಳ ಬೆಳಕೇ ಭೂದೃಶ್ಯ ಛಾಯಾಗ್ರಹಣದ ಜೀವಾಳವೆಂದು ಎಲ್ಲ ಶಿಕ್ಷಕರೂ ಹೇಳುತ್ತಾರೆ. ಆದರೆ ಕುದುರೆಮುಖದಲ್ಲಿ ಬೆಳಗಾದ ಮೇಲೆ ಒಳಗೆ ಬಿಡುತ್ತಾರೆ, ಸಂಜೆಯೊಳಗೆ ಕೆಳಗಿಳಿಯಬೇಕು, ಮೇಲೆ ಟೆಂಟ್ ಹಾಕುವಂತಿಲ್ಲ. ಶಿಖರ ತಲುಪುವಾಗ ನೆತ್ತಿಯ ಬಿಸಿಲು. ಈ ನಿಯಮಗಳೊಳಗೆ ಒಳ್ಳೆಯ ಚಿತ್ರ ತೆಗೆಯುವುದು ಹೇಗೆ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ನಿಮ್ಮ ಪ್ರಶ್ನೆಯ ಹಿಂದೆ ಒಂದು ನಂಬಿಕೆಯಿದೆ: ಒಳ್ಳೆಯ ಚಿತ್ರ ಶಿಖರದಲ್ಲೇ ಸಿಗುತ್ತದೆ ಎಂಬುದು. ಅದನ್ನು ಬಿಟ್ಟುಕೊಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರದ ಆ ಶಿಖರದ ಮೇಲೆ ನಿಂತವನಿಗೆ ಕುದುರೆಮುಖವೊಂದನ್ನು ಬಿಟ್ಟು ಉಳಿದೆಲ್ಲವೂ ಕಾಣುತ್ತದೆ. ಬೆಟ್ಟದ ಚಿತ್ರ ಬೇಕಾದರೆ ಬೆಟ್ಟದಿಂದ ದೂರ ನಿಲ್ಲಬೇಕು, ಹಾಗೆ ನಿಲ್ಲಬಹುದಾದ ಜಾಗಗಳಲ್ಲಿ ಅನೇಕವು ಉದ್ಯಾನದ ಅಂಚಿನ ಊರುಗಳಲ್ಲಿ, ಸಾರ್ವಜನಿಕ ರಸ್ತೆಗಳಲ್ಲಿ, ತೋಟದ ಮನೆಗಳ ಅಂಗಳಗಳಲ್ಲಿವೆ. ಅಲ್ಲಿ ಬೆಳಗಿನ ಐದೂವರೆಗೆ ಟ್ರೈಪಾಡ್ ಹೂಡಲು ಮನೆಯವರ ಒಪ್ಪಿಗೆಯೊಂದಿದ್ದರೆ ಸಾಕು.

ದಿಕ್ಕನ್ನು ಸರಿಯಾಗಿ ತಿಳಿದುಕೊಳ್ಳಿ. ಸಂಸೆ, ಕಳಸದ ಕಡೆಯಿಂದ ನೋಡುವವರಿಗೆ ಬೆಟ್ಟ ಪಡುವಣಕ್ಕಿದೆ. ಆದ್ದರಿಂದ ಮೂಡಣದಿಂದ ಬರುವ ಮೊದಲ ಬಿಸಿಲು ನೇರವಾಗಿ ಅದರ ಮುಖಕ್ಕೆ ಬೀಳುತ್ತದೆ, ಸಂಜೆಯಾದರೆ ಅದೇ ಬೆಟ್ಟ ಕಪ್ಪು ನೆರಳಿನ ಅಂಚಾಗಿ ಉಳಿಯುತ್ತದೆ. ಬೆಳ್ತಂಗಡಿಯ ಕಡೆಗೆ ಇಳಿದರೆ ಇದು ತಿರುವುಮುರುವು. ಕರಾವಳಿಯತ್ತ ಮುಖ ಮಾಡಿರುವ ಘಟ್ಟದ ಕಡಿದಾದ ಗೋಡೆ ಮಧ್ಯಾಹ್ನದವರೆಗೂ ಮಂಕಾಗಿದ್ದು, ಸಂಜೆ ನಾಲ್ಕೂವರೆಯ ನಂತರ ಒಂದೊಂದೇ ಮಡಿಕೆಯನ್ನು ಬಿಚ್ಚಿ ತೋರಿಸುತ್ತದೆ. ಅಲ್ಲಿನ ಗಡಾಯಿಕಲ್ಲು ಬೆಟ್ಟದ ಸುತ್ತಲಿನ ಗದ್ದೆ ಬಯಲುಗಳಿಂದ ಈ ಗೋಡೆಯನ್ನು ನೋಡಿದವರಿಗೆ ನಾನು ಹೇಳುವುದು ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ಪ್ರವಾಸದಲ್ಲಿ ಒಂದು ಬದಿಯನ್ನು ಮಾತ್ರ ಆರಿಸಿಕೊಳ್ಳಿ. ಎರಡೂ ಬದಿಗಳನ್ನು ಒಂದೇ ದಿನದಲ್ಲಿ ಮುಗಿಸಲು ಹೊರಟವರು ಒಳ್ಳೆಯ ಬೆಳಕಿನ ಹೊತ್ತನ್ನು ಘಟ್ಟದ ತಿರುವುಗಳಲ್ಲಿ ಕಾರಿನೊಳಗೆ ಕುಳಿತು ಕಳೆಯುತ್ತಾರೆ.

ಇನ್ನೊಂದು ವಿಚಾರವನ್ನು ಪರದೇಶದ ವಿಡಿಯೊ ಪಾಠಗಳು ನಿಮಗೆ ಹೇಳಿರಲಾರವು. ನಾವು ಭೂಮಧ್ಯರೇಖೆಗೆ ಹತ್ತಿರ, ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ. ಇಲ್ಲಿ ಸೂರ್ಯ ದಿಗಂತದಿಂದ ಕಡಿದಾಗಿ ಮೇಲೇರುವುದರಿಂದ ಮೊದಲ ಆರು ಡಿಗ್ರಿಯನ್ನು ದಾಟಲು ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚೇನೂ ಬೇಕಾಗುವುದಿಲ್ಲ. ಹೊಂಬಿಸಿಲು ಒಂದು ಗಂಟೆ ಇರುತ್ತದೆಂದು ನಂಬಿ ಹೊರಟವರಿಗೆ ನಮ್ಮಲ್ಲಿ ಅದರ ಅರ್ಧವೂ ಸಿಗದು. ಆದ್ದರಿಂದ ಚೌಕಟ್ಟನ್ನು ಹಿಂದಿನ ಸಂಜೆಯೇ ನೋಡಿಟ್ಟುಕೊಂಡು, ಟ್ರೈಪಾಡಿನ ಕಾಲುಗಳನ್ನು ಎಲ್ಲಿ ಊರಬೇಕೆಂಬುದನ್ನು ಸಹ ನಿಶ್ಚಯಿಸಿಕೊಂಡು, ಬೆಳಗಾಗುವ ಮೊದಲೇ ಸಿದ್ಧರಾಗಿ ನಿಲ್ಲಬೇಕು.

ಈಗ ನೆತ್ತಿಯ ಬಿಸಿಲಿನ ಮಾತು. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದ ಹೊತ್ತಿಗೆ ನಡುಹಗಲಿನ ಸೂರ್ಯ ನಮ್ಮ ತಲೆಯ ಮೇಲೆಯೇ ಇರುತ್ತಾನೆ. ಆಗ ಬೆಟ್ಟದ ಯಾವ ಮಡಿಕೆಗೂ ನೆರಳಿಲ್ಲ. ಡಿಸೆಂಬರಿನಲ್ಲಿ ಹಾಗಲ್ಲ. ಆಗ ಮಧ್ಯಾಹ್ನದಲ್ಲೂ ಆತ ದಕ್ಷಿಣದ ಕಡೆ 53 ಡಿಗ್ರಿಯಷ್ಟೇ ಮೇಲಿರುತ್ತಾನೆ, ಬೆಳಗಿನ ಒಂಬತ್ತು ಗಂಟೆಗೆ ಅದರ ಅರ್ಧದ ಆಸುಪಾಸಿನಲ್ಲಿರುತ್ತಾನೆ. ಉತ್ತರಕ್ಕೆ ಇಳಿಯುವ ಇಳಿಜಾರುಗಳಲ್ಲಿ ಇಡೀ ಬೆಳಗು ಓರೆ ಬೆಳಕು ಸವರಿಕೊಂಡು ಹೋಗುತ್ತದೆ, ಹುಲ್ಲಿನ ಒಂದೊಂದು ಏಣೂ ಎದ್ದು ಕಾಣುತ್ತದೆ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೊರಟು, ದಾರಿಯಲ್ಲಿ ಸಿಗುವ ಒಂಟಿಮರವೆಂಬ ಜಾಗ ದಾಟಿ ಮುಂದೆ ಸಾಗುವ ಹೊತ್ತಿಗೆ ನಿಮಗೆ ಸಿಗುವುದು ಇದೇ ಬೆಳಕು. ಹೋಗಿ ಬರಲು 18ರಿಂದ 20 ಕಿಲೋಮೀಟರ್ ನಡೆಯಬೇಕಾದ ಆ ದಾರಿಯಲ್ಲಿ ಶಿಖರದ ಆತುರಕ್ಕೆ ಬಿದ್ದು ಈ ಎರಡು ಗಂಟೆಗಳನ್ನು ತಲೆ ತಗ್ಗಿಸಿ ನಡೆದುಬಿಡುವವರೇ ಹೆಚ್ಚು. ಮಾರ್ಗದರ್ಶಿಗೆ ಮೊದಲೇ ಹೇಳಿ, ಶಿಖರ ತಲುಪದಿದ್ದರೂ ಸರಿ ಎಂದು ಒಪ್ಪಿಕೊಂಡು, ಅರ್ಧ ದಾರಿಯಲ್ಲಿ ನಿಂತು ಕೆಲಸ ಮಾಡಿ ನೋಡಿ.

ಮೋಡದ ದಿನಗಳಲ್ಲಿ ಹೊತ್ತಿನ ಪ್ರಶ್ನೆಯೇ ಬದಲಾಗುತ್ತದೆ. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೆ ತಳ್ಳಲ್ಪಟ್ಟು, ತಂಪಾಗಿ, ಏಣಿನ ಮೇಲೆ ಮೋಡವಾಗಿ ಉಕ್ಕುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಇಂತಹ ಮೋಡಗಳ ಸೀಳಿನಿಂದ ಬಿಸಿಲಿನ ತುಣುಕು ಇಳಿಜಾರಿನ ಮೇಲೆ ಓಡಾಡುತ್ತದೆ. ಮಧ್ಯಾಹ್ನ ಒಂದು ಗಂಟೆಗೂ, ಸುತ್ತಲೆಲ್ಲ ಮೋಡದ ನೆರಳಿದ್ದು ಒಂದು ಶೋಲಾ ಮಾತ್ರ ಬೆಳಗುವ ಕ್ಷಣಕ್ಕೆ ಕಾದರೆ, ಯಾವ ಸೂರ್ಯೋದಯಕ್ಕೂ ಕಡಿಮೆಯಿಲ್ಲದ ಚಿತ್ರ ಸಿಗುತ್ತದೆ. ಬೆಟ್ಟದ ಚಿತ್ರವೆಂದರೆ ಬಹುಮಟ್ಟಿಗೆ ಅಲ್ಲಿನ ಹವೆಯ ಚಿತ್ರ. ಬೆಟ್ಟ ಅಲ್ಲಿಯೇ ಇರುತ್ತದೆ, ಬಂದು ಹೋಗುವುದು ಹವೆ.

ನಿಯಮಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಬಳಿಕವೇ ಸರ್ಕಾರ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಯನ್ನು ಕಡ್ಡಾಯ ಮಾಡಿತು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ, ಮಳೆ ವಿಪರೀತವಾದಾಗ ಅಪಾಯದ ಕಾರಣದಿಂದ ದಾರಿಗಳನ್ನು ಮುಚ್ಚುವುದೂ ಉಂಟು. ಹೊರಡುವ ಮೊದಲು ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳಿ. ಈ ಮಿತಿಗಳಿಂದ ಛಾಯಾಗ್ರಾಹಕನಿಗೆ ನಷ್ಟವೆಂದು ನನಗೆ ಅನ್ನಿಸುವುದಿಲ್ಲ. ಜನ ಕಡಿಮೆಯಿರುವ ಹುಲ್ಲುಗಾವಲು ಚಿತ್ರಕ್ಕೂ ಒಳ್ಳೆಯದು, ಹುಲ್ಲಿಗೂ ಒಳ್ಳೆಯದು.

ಪ್ರಶ್ನೆ: ಮಂಜು ಕವಿದ ಬೆಟ್ಟಗಳನ್ನು ತೆಗೆದಾಗ ಚಿತ್ರ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಮಳೆ ನಿಂತ ಮೇಲಿನ ಹಸಿರು ಸಹ ಕಣ್ಣಿಗೆ ಕಂಡಷ್ಟು ದಟ್ಟವಾಗಿ ಬರುವುದಿಲ್ಲ. ತಪ್ಪು ಎಲ್ಲಿದೆ?
— ಪ್ರೌಢಶಾಲಾ ಶಿಕ್ಷಕರು, ಕಾರ್ಕಳ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಕ್ಯಾಮೆರಾದ ಬೆಳಕಿನ ಮಾಪಕ ತನ್ನೆದುರಿಗಿರುವುದನ್ನೆಲ್ಲ ನಡುಮಟ್ಟದ ಬೂದಿಯೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಬೆಳ್ಳಗಿನ ಮಂಜು ಚೌಕಟ್ಟನ್ನು ತುಂಬಿದಾಗ ಬೆಳಕು ಹೆಚ್ಚಾಯಿತೆಂದು ತಿಳಿದು ಅದು ಒಳಗೆ ಬಿಡುವ ಬೆಳಕನ್ನು, ಎಂದರೆ ಎಕ್ಸ್‌ಪೋಷರ್ ಕಡಿಮೆ ಮಾಡುತ್ತದೆ; ಬಿಳಿಯದು ಬೂದಿಯಾಗುವುದು ಇದರಿಂದಲೇ. ಎಕ್ಸ್‌ಪೋಷರ್ ಕಾಂಪನ್ಸೇಷನ್ ಗುಂಡಿಯಿಂದ ಮುಕ್ಕಾಲರಿಂದ ಒಂದೂಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟಾಗುತ್ತದೆ) ಹೆಚ್ಚಿಸಿ, ಹಿಸ್ಟೋಗ್ರಾಂ ನೋಡಿ; ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆಯೆಂದು ತೋರಿಸುವ ನಕ್ಷೆ ಅದು. ಅದರ ಗುಡ್ಡೆ ಬಲಗಡೆಗೆ ಸರಿದಿರಬೇಕು, ಆದರೆ ಬಲ ಅಂಚಿಗೆ ತಾಗಿ ಕತ್ತರಿಸಿಹೋಗಿರಬಾರದು. ಕ್ಯಾಮೆರಾದ ಹಿಂಬದಿಯ ಪರದೆಯನ್ನು ನಂಬಬೇಡಿ, ಮಂಜಿನ ಮಬ್ಬಿನಲ್ಲಿ ಅದು ಯಾವಾಗಲೂ ಇರುವುದಕ್ಕಿಂತ ಹೆಚ್ಚು ಬೆಳಗುತ್ತದೆ. ಜೆಪೆಗ್ ಬದಲು, ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಉಳಿಸುವ ರಾ ಫೈಲ್‌ನಲ್ಲಿ ತೆಗೆದರೆ ಮಂಜಿನೊಳಗಿನ ನವಿರಾದ ಛಾಯಾಭೇದಗಳನ್ನು ಮನೆಗೆ ಬಂದ ಮೇಲೆ ಎತ್ತಿ ತೋರಿಸಲು ಅವಕಾಶವಿರುತ್ತದೆ.

ಇಷ್ಟು ಮಾಡಿದರೂ ಬರಿಯ ಮಂಜಿನ ಚಿತ್ರ ಹೆಚ್ಚು ಹೊತ್ತು ಕಣ್ಣನ್ನು ಹಿಡಿಯದು. ಅದಕ್ಕೊಂದು ಗಟ್ಟಿಯಾದ ಕಪ್ಪು ಆಧಾರ ಬೇಕು, ನಮ್ಮ ಹುಲ್ಲುಗಾವಲುಗಳಲ್ಲಿ ಅದನ್ನು ಶೋಲಾ ಒದಗಿಸುತ್ತದೆ. ಶೋಲಾದ ಅಂಚನ್ನು ಒಮ್ಮೆ ಹತ್ತಿರದಿಂದ ನೋಡಿ. ಏಣಿನ ಮೇಲೆಲ್ಲ ಬರಿಯ ಹುಲ್ಲು. ನೀರು ಇಳಿದು ನಿಲ್ಲುವ ಮಡಿಕೆ ಬಂದೊಡನೆ, ಒಂದೆರಡು ಹೆಜ್ಜೆಗಳ ಅಂತರದಲ್ಲಿ, ಹುಲ್ಲು ಮುಗಿದು ಒತ್ತಾದ ಮರಗಳು ಶುರುವಾಗುತ್ತವೆ. ಗಾಳಿಗೆ ಕುಗ್ಗಿದ ಗಿಡ್ಡ ಮರಗಳ ನೆತ್ತಿಗಳು ಒಂದಕ್ಕೊಂದು ಹೆಣೆದುಕೊಂಡು ಎಲ್ಲೂ ಸಂದು ಬಿಡುವುದಿಲ್ಲ. ಕಾಂಡ, ಕೊಂಬೆಗಳ ಮೇಲೆ ಹಾವಸೆ ದಪ್ಪಗೆ ಕುಳಿತು ನೀರು ಹಿಡಿದುಕೊಂಡಿರುತ್ತದೆ. ಮಂಜು ಸರಿಯುವಾಗ ಮೊದಲು ಕಾಣಿಸುವುದು ಈ ಕಪ್ಪು ಅಂಚೇ. ಅದು ಚೌಕಟ್ಟಿನ ಒಂದು ಮೂಲೆಯಿಂದ ಓರೆಯಾಗಿ ಕೆಳಗಿಳಿಯುವಂತೆ ನಿಂತುಕೊಂಡು, ಹಿಂದಿನ ಏಣು ಅರ್ಧ ಕಂಡು ಅರ್ಧ ಮರೆಯಾಗುವವರೆಗೆ ಕಾಯಿರಿ.

ಹಸಿರಿನ ವಿಷಯಕ್ಕೆ ಬಂದರೆ, ಒದ್ದೆ ಎಲೆ ಮತ್ತು ಹುಲ್ಲಿನ ಮೇಲ್ಮೈ ಬಿಳಿ ಆಕಾಶವನ್ನು ಪ್ರತಿಫಲಿಸುತ್ತದೆ. ಆ ಬಿಳಿ ಹೊಳಪು ಹಸಿರಿನ ಮೇಲೆ ತೆಳ್ಳಗೆ ಹರಡಿಕೊಂಡು ಬಣ್ಣವನ್ನು ಸಪ್ಪೆ ಮಾಡುತ್ತದೆ. ಇದಕ್ಕೆ ಪರಿಹಾರ ವರ್ತುಲ ಪೋಲರೈಸರ್ ಫಿಲ್ಟರ್. ಅದನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಕಡೆ ಹೊಳಪು ಥಟ್ಟನೆ ಅಡಗಿ ಎಲೆಯ ನಿಜ ಬಣ್ಣ ಮೇಲೇಳುತ್ತದೆ. ಭೂದೃಶ್ಯಕ್ಕೆ ಒಂದೇ ಒಂದು ಫಿಲ್ಟರ್ ಕೊಳ್ಳಲು ಹಣವಿದ್ದರೆ ಇದನ್ನೇ ಕೊಳ್ಳಬೇಕೆಂದು ನಾನು ಹೇಳುತ್ತೇನೆ, ಏಕೆಂದರೆ ಇದರ ಪರಿಣಾಮವನ್ನು ಕಂಪ್ಯೂಟರಿನಲ್ಲಿ ಆಮೇಲೆ ತರಲಾಗುವುದಿಲ್ಲ. ಇದು ಒಂದೂವರೆಯಿಂದ ಎರಡು ಸ್ಟಾಪಿನಷ್ಟು ಬೆಳಕನ್ನು ನುಂಗುತ್ತದೆಂಬುದು ನೆನಪಿರಲಿ. ಗಾಳಿಗೆ ಹುಲ್ಲು ತೊನೆಯುತ್ತಿದ್ದರೆ ಐಎಸ್ಒವನ್ನು (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400 ಅಥವಾ 800ಕ್ಕೆ ಏರಿಸಲು ಹಿಂಜರಿಯಬೇಡಿ. ಅಗಲ ಲೆನ್ಸಿಗೆ ಇದನ್ನು ಹಾಕಿ ನೀಲಿ ಆಕಾಶವನ್ನು ತೆಗೆದರೆ ಆಕಾಶದ ಒಂದು ಪಟ್ಟಿ ಮಾತ್ರ ಕಪ್ಪಾಗಿ ಅಸಹಜವಾಗಿ ಕಾಣುತ್ತದೆ, ಅಲ್ಲಿ ಫಿಲ್ಟರನ್ನು ಬಿಚ್ಚಿಬಿಡಿ.

ಪ್ರಶ್ನೆ: ಹನುಮಾನ್‌ಗುಂಡಿಯಂತಹ ಜಲಪಾತಗಳನ್ನು ಹಾಲಿನಂತೆ ನಯವಾಗಿ ತೆಗೆಯಲು ಎಷ್ಟು ಶಟರ್ ವೇಗ ಬೇಕು?
— ಓದುಗರು, ಹಾಸನ

ಉತ್ತರ: ನಾಲ್ಕೈದು ಸೆಕೆಂಡ್ ಇಟ್ಟರೆ ನೀವು ಕೇಳಿದಂತೆ ಬರುತ್ತದೆ. ಆದರೆ ನನ್ನ ಸಲಹೆ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡ್. ಅಷ್ಟರಲ್ಲಿ ನೀರು ಹರಿಯುತ್ತಿರುವುದು ತಿಳಿಯುತ್ತದೆ, ಎಳೆ ಎಳೆಯಾಗಿ ಬೀಳುವ ಅದರ ರಚನೆಯೂ ಉಳಿಯುತ್ತದೆ. ಬಿಸಿಲು ನೇರವಾಗಿ ಬೀಳದ ಹೊತ್ತನ್ನು ಆರಿಸಿಕೊಳ್ಳಿ, ಎರಡು ಸೆಕೆಂಡಿನ ಟೈಮರ್ ಬಳಸಿ. ಒದ್ದೆ ಬಂಡೆಯ ಮೇಲೆ ಹಾವಸೆ ಕಟ್ಟಿರುವಲ್ಲಿ ಹೆಜ್ಜೆಯಿಡಬೇಡಿ. ಮೆಟ್ಟಿಲು ಮತ್ತು ಬೇಲಿ ದಾಟಿ ಹೋಗಿ ತೆಗೆಯಬೇಕಾದ ಯಾವ ಚಿತ್ರವೂ ಅಲ್ಲಿಲ್ಲ.

ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಲೆನ್ಸಿನೊಳಗೆ ಜೇಡರ ಬಲೆಯಂತಹ ಬಿಳಿ ಎಳೆಗಳು ಕಾಣಿಸಿವೆ. ಒರೆಸಿದರೂ ಹೋಗುವುದಿಲ್ಲ.
— ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಅದು ಬೂಸಲು. ಗಾಜಿನ ಒಳಮೈಯಲ್ಲಿ ಬೆಳೆದಿರುವುದರಿಂದ ಹೊರಗಿನಿಂದ ಒರೆಸಿ ಪ್ರಯೋಜನವಿಲ್ಲ, ನೀವೇ ಬಿಚ್ಚಲು ಹೋಗಬೇಡಿ. ಅನುಭವವುಳ್ಳ ದುರಸ್ತಿಗಾರರಿಗೆ ಬೇಗ ಕೊಡಿ. ತಡವಾದರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದುಬಿಡುತ್ತದೆ. ಆರೆಂಟು ತಿಂಗಳು ತೇವವೇ ಇರುವ ಕರಾವಳಿ ಮತ್ತು ಮಲೆನಾಡಿನಲ್ಲಿ ಲೆನ್ಸಿನ ದೊಡ್ಡ ಶತ್ರು ಮಳೆಯ ಹನಿಯಲ್ಲ, ಮುಚ್ಚಿಟ್ಟ ಚೀಲ. ಚಾರಣ ಮುಗಿಸಿ ಬಂದವರು ಒದ್ದೆ ಚೀಲವನ್ನು ಹಾಗೆಯೇ ಬೀರುವಿನೊಳಗೆ ಇಟ್ಟುಬಿಡುತ್ತಾರೆ. ತೇವಾಂಶ ಶೇಕಡಾ 60 ದಾಟಿದ, ಕತ್ತಲಾದ, ಗಾಳಿಯಾಡದ ಜಾಗ ಬೂಸಲಿಗೆ ಬಹಳ ಇಷ್ಟ. ಮನೆಗೆ ಬಂದೊಡನೆ ಎಲ್ಲವನ್ನೂ ಹೊರತೆಗೆದು ಒಣಬಟ್ಟೆಯಿಂದ ಒರೆಸಿ ಫ್ಯಾನಿನ ಕೆಳಗೆ ಕೆಲವು ಗಂಟೆ ಇಡಿ. ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಟ್ಟು, ಒಳಗೊಂದು ಅಗ್ಗದ ತೇವಾಂಶ ಮಾಪಕ ಹಾಕಿ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಸಿಲಿಕಾ ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಎ.ಸಿ. ಹಾಕಿದ ಕಾರಿನಿಂದ ಘಟ್ಟದ ತೇವದ ಗಾಳಿಗೆ ಕ್ಯಾಮೆರಾವನ್ನು ಒಮ್ಮೆಲೇ ತೆಗೆದರೆ ಗಾಜಿನ ಮೇಲೆ ಹಬೆ ಕಟ್ಟುತ್ತದೆ. ಇಳಿಯುವ ಅರ್ಧ ಗಂಟೆ ಮೊದಲೇ ಎ.ಸಿ. ನಿಲ್ಲಿಸಿ ಕಿಟಕಿ ತೆರೆಯಿರಿ.

ಪ್ರಶ್ನೆ: ಹಲವು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಬಿಡುವಾದಾಗಲೆಲ್ಲ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಕಪ್ಪು ಬಿಳುಪಿನ ಚಿತ್ರ ತೆಗೆಯುವುದನ್ನು ಕಲಿತಿದ್ದೇನೆ. ಊರಿಗೆ ಬಂದಾಗ ಕುದುರೆಮುಖದಲ್ಲಿ ಅದೇ ಕ್ರಮವನ್ನು ಅನುಸರಿಸಿದರೆ ಚಿತ್ರಗಳು ಗಡುಸಾಗಿ, ಬರಡಾಗಿ ಬರುತ್ತವೆ. ಏಕೆ?
— ಓದುಗರು, ಫ್ರೀಮಾಂಟ್

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪ್ರಶ್ನೆ ಇದು. ನೀವು ಕಲಿತ ಕ್ರಮ ಯೊಸೆಮಿಟಿಯ ಗಾಳಿಗೂ ಬಂಡೆಗೂ ತಕ್ಕಂತೆ ರೂಪುಗೊಂಡದ್ದು. 1927ರ ಏಪ್ರಿಲ್ 10ರಂದು, ಇಪ್ಪತ್ತೈದು ವರ್ಷದ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಭಾರವಾದ ಕ್ಯಾಮೆರಾ ಮತ್ತು ಗಾಜಿನ ಪ್ಲೇಟುಗಳನ್ನು ಹೊತ್ತು ಹಾಫ್ ಡೋಮ್ ಬಂಡೆಯ ಎದುರಿನ ಎತ್ತರಕ್ಕೆ ಹತ್ತಿದ್ದರು. ಆ ಹೊತ್ತಿಗೆ ಉಳಿದಿದ್ದುದು ಎರಡೇ ಪ್ಲೇಟು. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಅದರಲ್ಲಿ ಆಕಾಶ ಸಾಧಾರಣ ಬೂದಿಯಾಗಿ ಬರುತ್ತದೆ, ತಮಗೆ ಆ ಬಂಡೆಯೆದುರು ಅನ್ನಿಸಿದ ಗಾಂಭೀರ್ಯ ಬರುವುದಿಲ್ಲವೆಂದು ಅರಿತು, ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ನೀಲಿ ಬೆಳಕನ್ನು ಕೆಂಪು ಫಿಲ್ಟರ್ ತಡೆಯುವುದರಿಂದ ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು, ಗ್ರಾನೈಟ್ ಬಂಡೆ ಅದರೆದುರು ಬೆಳಗಿ ನಿಂತಿತು. ಚಿತ್ರ ಹೇಗಿರಬೇಕೆಂಬುದನ್ನು ಶಟರ್ ಒತ್ತುವ ಮೊದಲೇ ಮನಸ್ಸಿನಲ್ಲಿ ಕಾಣುವ ಅಭ್ಯಾಸವನ್ನು ಅವರು ಜೀವನವಿಡೀ ಬೋಧಿಸಿದರು.

ಆ ಬೋಧನೆ ಎಲ್ಲಿಗೂ ಸಲ್ಲುತ್ತದೆ, ಆದರೆ ಕೆಂಪು ಫಿಲ್ಟರ್ ಹಾಗಲ್ಲ. ಯೊಸೆಮಿಟಿ ಇರುವ ಸಿಯೆರಾ ನೆವಾಡ ಪರ್ವತಸಾಲಿನ ಒಣ ಗಾಳಿಯಲ್ಲಿ ಆಕಾಶ ಗಾಢ ನೀಲಿ, ದೂರದ ಬಂಡೆಯೂ ಚೂಪು. ನಮ್ಮ ಘಟ್ಟದ ಗಾಳಿಯಲ್ಲಿ ಸದಾ ತೇವವಿದೆ. ಆಕಾಶ ವರ್ಷದ ಬಹುಭಾಗ ಬಿಳಿಚಿಕೊಂಡಿರುತ್ತದೆ, ಬೆಟ್ಟಗಳು ಸಾಲು ಸಾಲಾಗಿ ನೀಲಿ ಮಬ್ಬಿನೊಳಗೆ ಸರಿಯುತ್ತವೆ. ದೂರದ ಅರಿವು ನಮಗಾಗುವುದೇ ಆ ಮಬ್ಬಿನಿಂದ. ನೀವು ಕಂಪ್ಯೂಟರಿನಲ್ಲಿ ಕಪ್ಪು ಬಿಳುಪಿಗೆ ಬದಲಾಯಿಸುವಾಗ ಕೆಂಪು ಫಿಲ್ಟರಿನಂತೆ ನೀಲಿಯನ್ನು ತಗ್ಗಿಸಿದರೆ ಮಬ್ಬು ಕರಗಿ ಐದಾರು ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಮಗೆ ಬರಡೆನ್ನಿಸುವುದು ಇದರಿಂದಲೇ ಇರಬೇಕು. ಇದಕ್ಕೆ ವಿರುದ್ಧವಾಗಿ ನೀಲಿಯನ್ನು ಏರಿಸಿ ನೋಡಿ. ಹಿಂದಿನ ಸಾಲುಗಳು ಒಂದಕ್ಕಿಂತ ಒಂದು ಬೆಳ್ಳಗಾಗುತ್ತ ಹೋಗಿ ಆಳ ತಾನಾಗಿ ತೆರೆದುಕೊಳ್ಳುತ್ತದೆ. ಹುಲ್ಲು ಮತ್ತು ಶೋಲಾಗಳ ವಿಷಯದಲ್ಲಿ ಋತು ನೋಡಿ ನಿರ್ಧರಿಸಿ. ಡಿಸೆಂಬರ್, ಜನವರಿಯಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗಿರುವುದರಿಂದ ಹಳದಿ, ಕೆಂಪು ಅಂಶವನ್ನು ಏರಿಸಿದರೆ ಹುಲ್ಲು ಬೆಳಗುತ್ತದೆ, ಹಸಿರು ಶೋಲಾ ಕಪ್ಪಾಗಿ ಉಳಿಯುತ್ತದೆ. ಆಗಸ್ಟಿನಲ್ಲಿ ಎರಡೂ ಹಸಿರು. ಆಗ ಬೇರ್ಪಡಿಸಲು ಬೆಳಕೇ ಬೇಕು, ಬೆಳಕಿಲ್ಲದ ದಿನ ಬಣ್ಣದಲ್ಲೇ ಬಿಡುವುದು ಮೇಲು.

ಇನ್ನೊಂದು ವ್ಯತ್ಯಾಸವೂ ಇದೆ. ಸುಮಾರು 38 ಡಿಗ್ರಿ ಅಕ್ಷಾಂಶದ ಯೊಸೆಮಿಟಿಯಲ್ಲಿ ಡಿಸೆಂಬರಿನ ಮಧ್ಯಾಹ್ನದ ಸೂರ್ಯ 29 ಡಿಗ್ರಿಯಷ್ಟೇ ಏರುತ್ತಾನೆ. ಅಲ್ಲಿ ದಿನವಿಡೀ ಸಿಗುವ ಓರೆ ಬೆಳಕು ಇಲ್ಲಿ ಬೆಳಗು ಬೈಗುಗಳಿಗೆ ಸೀಮಿತ. ಊರಿಗೆ ಬಂದಾಗ ನಿಮ್ಮ ಎಂದಿನ ದಿನಚರಿಯನ್ನು ಬೆಳಿಗ್ಗೆ ಒಂದೆರಡು ಗಂಟೆ ಮೊದಲೇ ಶುರುಮಾಡಿ.

ಪ್ರಶ್ನೆ: ಕುದುರೆಮುಖದಲ್ಲಿ ಡ್ರೋನ್ ಹಾರಿಸಬಹುದೇ? ಹಳೆಯ ಗಣಿ ಪ್ರದೇಶದ ಚಿತ್ರ ತೆಗೆಯಬಹುದೇ?
— ಓದುಗರು, ಮೈಸೂರು

ಉತ್ತರ: ಡ್ರೋನ್ ಬೇಡ. ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ, ಕಲಿಯುವ ಹಂತದಲ್ಲಿ ಅದರ ಅಗತ್ಯವೂ ಇಲ್ಲ. ಸಿಂಗಳೀಕಗಳೂ ಹಕ್ಕಿಗಳೂ ಬದುಕುವ ಕಾಡಿನ ನೆತ್ತಿಯ ಮೇಲೆ ಆ ಸದ್ದು ಮಾಡುವ ಹಕ್ಕು ನಮಗಿಲ್ಲ. ಗಣಿಯ ವಿಚಾರ ಬೇರೆ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಅಲ್ಲಿ ಕಬ್ಬಿಣದ ಅದಿರು ತೆಗೆಯುವುದು ನಿಂತಿತು. ಅಗೆದ ಬೆಟ್ಟಗಳು, ಅದಿರಿನ ಹೂಳು ತುಂಬಿದ ಲಕ್ಯಾ ಅಣೆಕಟ್ಟು ಇಂದಿಗೂ ಆ ನೆಲದ ಭಾಗವೇ. ಅವನ್ನು ಚೌಕಟ್ಟಿನಿಂದ ಹೊರಗಿಟ್ಟು ಹಸಿರನ್ನಷ್ಟೇ ತೋರಿಸುವುದು ಅರ್ಧ ಸತ್ಯವೆಂದು ನಾನು ನಂಬುತ್ತೇನೆ. ಅನುಮತಿಯಿಲ್ಲದೆ ಒಳಗೆ ಹೋಗಬೇಡಿ. ಸಾರ್ವಜನಿಕ ಜಾಗದಿಂದ ಕಂಡಷ್ಟನ್ನು ದಿನಾಂಕ ಸಹಿತ ದಾಖಲಿಸಿ. ಅಪರೂಪದ ಗಿಡ, ಹೂವು, ಗೂಡುಗಳ ಚಿತ್ರ ಹಂಚಿಕೊಳ್ಳುವಾಗ ಫೈಲಿನೊಳಗಿರುವ ಜಾಗದ ಗುರುತನ್ನು ಅಳಿಸಿ.

ಪ್ರಶ್ನೆ: ನಮ್ಮದು ಕಳಸದ ಹತ್ತಿರ ಅಡಿಕೆ, ಕಾಫಿ ತೋಟ. ಅಂಗಳದಲ್ಲಿ ನಿಂತರೆ ಕುದುರೆಮುಖದ ಸಾಲು ಕಾಣುತ್ತದೆ. ನನ್ನ ಬಳಿ ಮೊಬೈಲ್ ಫೋನ್ ಬಿಟ್ಟು ಬೇರೇನೂ ಇಲ್ಲ, ಮನೆ ಬಿಟ್ಟು ಹೆಚ್ಚು ಓಡಾಡಲೂ ಆಗುವುದಿಲ್ಲ. ಆದರೂ ಕಲಿಯಬಹುದೇ?
— ಗೃಹಿಣಿ, ಕಳಸ

ಉತ್ತರ: ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬರುವವರು ಆಸೆಪಡುವುದು ನಿಮ್ಮ ಅಂಗಳಕ್ಕಾಗಿ. ಆದ್ದರಿಂದ ನಿಮ್ಮಲ್ಲಿ ಏನೂ ಇಲ್ಲವೆಂದು ದಯವಿಟ್ಟು ಭಾವಿಸಬೇಡಿ. ಬೆಳಕನ್ನು ಕಲಿಯಬೇಕಾದವರಿಗೆ ಒಂದೇ ಬೆಟ್ಟವನ್ನು ಎಲ್ಲ ಹೊತ್ತಿನಲ್ಲೂ ಎಲ್ಲ ತಿಂಗಳಲ್ಲೂ ನೋಡುವ ಅವಕಾಶಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಅಂಗಳದಲ್ಲಿ ಒಂದು ಜಾಗ ಗೊತ್ತುಮಾಡಿ. ಕಂಬವೋ ಕಟ್ಟೆಯೋ ಇದ್ದರೆ ಫೋನನ್ನು ಅದಕ್ಕೆ ಆನಿಸಿ ಹಿಡಿಯಿರಿ, ಪ್ರತಿ ಸಲವೂ ಅದೇ ಎತ್ತರ, ಅದೇ ಚೌಕಟ್ಟು ಇರಲಿ. ಬೆರಳುಗಳಿಂದ ಎಳೆದು ದೊಡ್ಡದು ಮಾಡಬೇಡಿ. ಫೋನಿನಲ್ಲಿ ಎರಡು ಪಟ್ಟು, ಮೂರು ಪಟ್ಟು ಹತ್ತಿರ ತೋರಿಸುವ ಪ್ರತ್ಯೇಕ ಲೆನ್ಸ್ ಇದ್ದರೆ ಅದನ್ನು ಮಾತ್ರ ಬಳಸಿ. ಪರದೆಯ ಮೇಲೆ ಆಕಾಶದ ಬೆಳಗುವ ಭಾಗವನ್ನು ಒತ್ತಿ ಹಿಡಿದರೆ ಅನೇಕ ಫೋನ್‌ಗಳಲ್ಲಿ ಎಕ್ಸ್‌ಪೋಷರ್ ಅಲ್ಲಿಗೇ ನಿಲ್ಲುತ್ತದೆ. ಬಳಿಕ ಬೆರಳನ್ನು ಮೇಲೆ ಕೆಳಗೆ ಸರಿಸಿ ಬೆಳಕನ್ನು ಹೊಂದಿಸಿಕೊಳ್ಳಬಹುದು. ಮೋಡದ ಅಂಚು ಬರಿಯ ಬಿಳಿಯಾಗದಷ್ಟು ತಗ್ಗಿಸುವುದು ಒಳ್ಳೆಯದು. ಲೆನ್ಸಿನ ಗಾಜನ್ನು ಸೆರಗಿನಿಂದಲ್ಲದೆ ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಒರೆಸಿ. ಅಡುಗೆಮನೆಯ ಜಿಡ್ಡು ಅಂಟಿದ ಗಾಜಿನಿಂದ ಮಂಜಿಲ್ಲದ ದಿನವೂ ಮಂಜಿನ ಚಿತ್ರವೇ ಬರುತ್ತದೆ.

ಎದ್ದು ಕಾಫಿ ಕಾಯಿಸುವ ಮೊದಲು ಒಂದು, ಮಧ್ಯಾಹ್ನ ಒಂದು, ದೀಪ ಹಚ್ಚುವ ಮುನ್ನ ಒಂದು. ಅಷ್ಟು ಸಾಕು. ಪ್ರತಿ ಚಿತ್ರದ ಜೊತೆ ಹೊತ್ತು, ಗಾಳಿಯ ದಿಕ್ಕು, ಮಳೆ ಬಂದಿತ್ತೇ ಇಲ್ಲವೇ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಿ. ಚಳಿಗಾಲದ ಮುಂಜಾನೆ ಭದ್ರಾ ಕಣಿವೆಯಲ್ಲಿ ತುಂಬಿರುವ ಮಂಜು ಎಷ್ಟು ಗಂಟೆಗೆ ಕರಗುತ್ತದೆ, ಹಿಂದಿನ ರಾತ್ರಿ ಆಕಾಶ ತಿಳಿಯಾಗಿದ್ದರೆ ಮಂಜು ಹೆಚ್ಚೋ ಕಡಿಮೆಯೋ, ಜನವರಿಯಲ್ಲಿ ಸೂರ್ಯ ಯಾವ ಮರದ ಪಕ್ಕ ಹುಟ್ಟುತ್ತಾನೆ, ಜೂನಿನಲ್ಲಿ ಎಷ್ಟು ಎಡಕ್ಕೆ ಸರಿದಿರುತ್ತಾನೆ ಎಂಬುದೆಲ್ಲ ನಿಮಗೆ ಬಾಯಿಪಾಠವಾಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹುಟ್ಟುವ ಜಾಗ ಡಿಸೆಂಬರಿನಿಂದ ಜೂನಿನ ನಡುವೆ ದಿಗಂತದ ಮೇಲೆ ಸುಮಾರು 48 ಡಿಗ್ರಿಯಷ್ಟು ಸರಿಯುತ್ತದೆ, ಆ ಸರಿದಾಟಕ್ಕೆ ತಕ್ಕಂತೆ ಬೆಟ್ಟದ ಮೇಲಿನ ನೆರಳುಗಳೂ ಬದಲಾಗುತ್ತವೆ.

ಕೆಲವು ತಿಂಗಳಾದ ಮೇಲೆ ನಿಮಗೆ ಒಳ್ಳೆಯದೆನ್ನಿಸಿದ ಹತ್ತನ್ನು ಆರಿಸಿ, ಪೇಟೆಯ ಸ್ಟುಡಿಯೊದಲ್ಲಿ ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಮುದ್ರಿಸಿಕೊಳ್ಳಿ. ಫೋನಿನ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಕಾಗದದ ಮೇಲೆ ಹೇಗೆ ಕಪ್ಪಾಗುತ್ತದೆಂಬುದು ಆಗ ತಿಳಿಯುತ್ತದೆ, ಮುಂದಿನ ಸಲ ಎಕ್ಸ್‌ಪೋಷರನ್ನು ಎಷ್ಟು ಏರಿಸಬೇಕೆಂಬುದೂ ಗೊತ್ತಾಗುತ್ತದೆ. ಬೇರೆಯವರ ಅಭಿಪ್ರಾಯ ಬೇಕೆನ್ನಿಸಿದರೆ ಬೆಂಗಳೂರಿನಲ್ಲಿ 1971ರಿಂದ ನಡೆಯುತ್ತಿರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಹವ್ಯಾಸಿ ಸಂಘಗಳಿವೆ. ಆ ಹತ್ತರಲ್ಲಿ ಮೂರನ್ನು, ನೀವು ಬರೆದಿಟ್ಟ ಸಾಲುಗಳ ಸಮೇತ, ಈ ಅಂಕಣಕ್ಕೂ ಕಳುಹಿಸಿಕೊಡಿ. ಒಂದೊಂದನ್ನೂ ನೋಡಿ ವಿವರವಾಗಿ ಬರೆಯುತ್ತೇನೆ.